ಹೆಸರಿಗಷ್ಟೇ ಸಣ್ಣದಾದ ಕರುಳಿಗೆ

ನನ್ನ ಹೊಟ್ಟೆಯೊಳಗೆ ಸುರುಳಿ ಸುತ್ತಿಕೊಂಡು ವಿರಾಜಮಾನರಾಗಿರುವ ಸಣ್ಣಕರುಳು ಅವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕ್ಷೇಮವೇ ನನ್ನ ಕ್ಷೇಮವಾದ್ದರಿಂದ ಅದನ್ನು ವಿಚಾರಿಸುವ ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ: ಕಳೆದ ವರ್ಷದಿಂದ ನನಗೆ ಆಗಾಗ ಡಾಂಬರಿನಂತೆ ಕಪ್ಪಗೆ ಮಲ ಹೋಗುತ್ತಿತ್ತು, ನಾಚಿಕೆಯಿಂದ ಅದನ್ನು ಯಾರಿಗೂ ಹೇಳಿರಲಿಲ್ಲ. ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾ ಕುಳಿತಲ್ಲೇ ತೂಕಡಿಸಿದಾಗಲೆಲ್ಲ ಅಂಗಡಿಯ ಟೈಲರ್ "ಏನಪ್ಪಾ ಕುಂಭಕರ್ಣ, ಹಾಸಿಗೆ ಹಾಸ್ಲಾ?" ಎನ್ನುತ್ತಿದ್ದರು. ಒಳಗೆ ತಾವು ಸದ್ದಿಲ್ಲದೆ ರಕ್ತ ಸೋರಿಸುತ್ತಿದ್ದೀರೆಂದು ಅವರಿಗೆ ಹೇಗೆ ತಿಳಿಯಬೇಕು?

ಒಂದು ದಿನ ಇಸ್ತ್ರಿ ಮೇಜಿನ ಪಕ್ಕ ತಲೆ ತಿರುಗಿ ಬಿದ್ದೆ, ಗುಟ್ಟು ರಟ್ಟಾಯಿತು. ರಕ್ತ ಎಲ್ಲಿ ಸೋರುತ್ತಿದೆಯೆಂದು ಹುಡುಕಲು ಆಸ್ಪತ್ರೆಯವರು ಬಾಯಿಂದ ಒಂದು ಕೊಳವೆ ಇಳಿಸಿ ಜಠರ ನೋಡಿದರು, ಚೊಕ್ಕಟ. ಕೆಳಗಿನಿಂದ ಇನ್ನೊಂದು ಏರಿಸಿ ದೊಡ್ಡಕರುಳು ನೋಡಿದರು, ಅದೂ ಚೊಕ್ಕಟ. ಇವೆರಡರ ನಡುವೆ ಇಪ್ಪತ್ತು ಅಡಿ ಉದ್ದಕ್ಕೆ ಕಾಲು ಚಾಚಿಕೊಂಡೂ 'ಸಣ್ಣ' ಎಂದೇ ಕರೆಸಿಕೊಳ್ಳುವ ತಮ್ಮ ವಿನಯವನ್ನು ಎಷ್ಟು ಹೊಗಳಿದರೂ ಸಾಲದು.

ಆಮೇಲೆ ತಮ್ಮ ದರ್ಶನಕ್ಕೆಂದೇ ಮಾತ್ರೆಯಷ್ಟು ಗಾತ್ರದ ಕ್ಯಾಮೆರಾ ನುಂಗಿದೆ. ಮದುಮಗಳದ್ದೂ ಯಾರೂ ತೆಗೆಯದಷ್ಟು ಫೋಟೋಗಳನ್ನು ಅದು ತಮ್ಮದು ತೆಗೆದು ನನ್ನ ಸೊಂಟಕ್ಕೆ ಕಟ್ಟಿದ ಪೆಟ್ಟಿಗೆಗೆ ಕಳಿಸಿತು. ಆ ಸಾವಿರಾರು ಫೋಟೋಗಳ ನಡುವೆ ಸಾಸಿವೆಯಷ್ಟು ಕೆಂಪು ಚುಕ್ಕೆ, ಬಾಯಿಬಿಟ್ಟ ಒಂದು ರಕ್ತನಾಳ. ವರ್ಷವಿಡೀ ನನ್ನನ್ನು ಹಿಂಡಿದ ಮಹಾನುಭಾವರು ಇಷ್ಟೇ!

ಸುದ್ದಿ ಕೇಳಿ ಅಮ್ಮ ಅತ್ತುಬಿಟ್ಟಳು. "ಹೆತ್ತ ಕರುಳಿಗೇ ಗೊತ್ತಾಗ್ಲಿಲ್ವಲ್ಲೋ! ದಿನಾ ಸೋಮಾರಿ ಅಂತ ಬೈದೆನಲ್ಲೋ!" ಎಂದಳು. ತಮ್ಮ ಕುಲಬಾಂಧವರೇ ಆದ ಆ ಕರುಳಿಗೆ ಒಂದು ಮಾತು ಮುಟ್ಟಿಸಬಾರದಿತ್ತೇ? ಭಾವನಂತೂ ನಾನು ಶಾಲೆ ಬಿಟ್ಟಿದ್ದಕ್ಕೂ ತಾವೇ ಕಾರಣವೆಂದು ಬೀದಿಯಲ್ಲೆಲ್ಲ ಸಾರುತ್ತಿದ್ದಾರೆ. ಅದು ಸುಳ್ಳು. ಆಗ ತಾವು ನೆಟ್ಟಗಿದ್ದಿರಿ. ನನಗೇ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಮಾಡದ ತಪ್ಪನ್ನು ತಮ್ಮ ತಲೆಗೆ ಕಟ್ಟಲಾರೆ, ತಮಗೆ ತಲೆಯೇ ಇಲ್ಲದಿದ್ದರೂ.

ಈಗ ಬಲೂನು ಕಟ್ಟಿದ ಉದ್ದನೆಯ ಕೊಳವೆಯನ್ನು ಬಾಯಿಂದ ಇಳಿಸಿ, ಬಲೂನು ಊದಿಸಿ ತಮ್ಮನ್ನು ಹಿಡಿದುಕೊಂಡು, ಹಿಂದಕ್ಕೆಳೆದು ನೆರಿಗೆ ಮಾಡುತ್ತಾ ಚುಕ್ಕೆಯವರೆಗೆ ಹೋಗಿ ಅದನ್ನು ಸುಟ್ಟು ಬರುತ್ತಾರಂತೆ. "ಪೈಜಾಮಕ್ಕೆ ಲಾಡಿ ಏರಿಸ್ತೀಯಲ್ಲ, ಹಾಗೇ ಕಣಪ್ಪ" ಎಂದರು ಡಾಕ್ಟರಮ್ಮ. ಲಾಡಿ ನಡುವೆ ಸಿಕ್ಕಿಕೊಂಡರೆ ನಾವು ಹೊಲಿಗೆ ಬಿಚ್ಚುತ್ತೇವೆ. ಆದ್ದರಿಂದ ಕೊಳವೆ ನಡುವೆ ಸಿಕ್ಕಿಕೊಂಡರೆ ಏನು ಮಾಡುತ್ತೀರೆಂದು ಕೇಳಿದೆ. "ಮುಟ್ಟೋಕಾಗದಿದ್ರೆ ಹೊಟ್ಟೆ ಕೊಯ್ಯಬೇಕಾಗಬಹುದು" ಎಂದರು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಒಂದು ದಿನದ ಮಟ್ಟಿಗೆ ಸುರುಳಿ ಬಿಚ್ಚಿ ನೇರವಾಗಿ ಮಲಗಬೇಕು, ತಿರುವುಗಳಲ್ಲಿ ದೀಪ ಹಾಕಿಸಬೇಕು, ಚುಕ್ಕೆಯ ಪಕ್ಕದಲ್ಲಿ 'ಇಲ್ಲೇ' ಎಂಬ ಫಲಕ ನಿಲ್ಲಿಸಬೇಕು, ಸೋರುವುದೇ ಆದರೆ ಡಾಕ್ಟರಮ್ಮನ ಕಣ್ಣೆದುರಿಗೇ ಸೋರಬೇಕು ಎಂದು ಬೇಡಿಕೊಳ್ಳುತ್ತೇನೆ. ಹೇಗೂ ಇದು ಬಹಿರಂಗ ಪತ್ರ ತಾನೇ, ಎಲ್ಲರೂ ಓದಲಿ: ನನಗೆ ಹೆದರಿಕೆಯಾಗುತ್ತಿದೆ.

ವಿಶ್ವಾಸಕ್ಕೆ ತಾವು ಅರ್ಹರಲ್ಲದಿದ್ದರೂ, ಬೇರೆ ಗತಿಯಿಲ್ಲದೆ

ತಮ್ಮ ವಿಶ್ವಾಸಿ,
ತಮ್ಮನ್ನು ಹೊತ್ತು ತಿರುಗುವವನು

ವಿ.ಸೂ.: ಇಂದು ರಾತ್ರಿಯಿಂದ ತಮಗೆ ಊಟ ಬಂದ್, ಗುರುಗುಟ್ಟಿ ಪ್ರಯೋಜನವಿಲ್ಲ. ಅಮ್ಮ ಬಟ್ಟೆಬರೆ ಕಟ್ಟಿಟ್ಟಿದ್ದಾಳೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇವೆ.