ಏಷ್ಯಾ ಖಂಡಕ್ಕೆ ಒಂದು ಹಿಡಿ ಬೆಲ್ಲ

ಏಷ್ಯಾ ಖಂಡದ ಆರೋಗ್ಯವೆಲ್ಲ ನಮ್ಮ ಸೋದರಮಾವನ ಸೈಕಲ್ಲಿನ ಮೇಲೆ ಓಡಾಡುತ್ತಿತ್ತು ಎಂದರೆ ನೀವು ನಗುತ್ತೀರಿ. ನಗಿ, ನಾವೂ ನಕ್ಕವರೇ!

ತೊಂಬತ್ತರ ದಶಕದಲ್ಲಿ ಮಾವ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಆರೋಗ್ಯ ಸಹಾಯಕರು. ಭೇದಿಯಾದ ಮಗುವಿಗೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಕಲಸಿ ಕುಡಿಸಿ ಎಂದು ಮನೆಮನೆಗೆ ಹೇಳುವುದು ಅವರ ಕೆಲಸ. ಅಷ್ಟಕ್ಕೇ ಸುಮ್ಮನಾಗುತ್ತಿದ್ದರೇ?

"ಇದನ್ನ ಪ್ರಪಂಚಕ್ಕೆ ಕಲಿಸ್ದೋರು ಬಾಂಗ್ಲಾದೇಶದೋರು ಕಣ್ರವ್ವ! ಅಮೆರಿಕಾದೋರಲ್ಲ!"

ಅಕ್ಕಿಹೆಬ್ಬಾಳಿನ ಅಜ್ಜಿಯೊಬ್ಬಳು ಬಿಡಲಿಲ್ಲ. "ಬೆಲ್ಲ ನಮ್ಮ್ ಆಲೆಮನೇದು, ನೀರು ಏಮಾವತೀದು. ಅವ್ರೇನಪ್ಪ ಆಕವ್ರೆ?"

"ಅಳತೆ ಆಕವ್ರೆ ಕಣಜ್ಜಿ."

"ಯಾರ್ ಕೈ ಅಳತೆ? ನಂದಾ, ಕಬ್ಬು ಕಡಿಯೋ ನನ್ ಸೊಸೇದಾ?"

ಮಾವ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. ಉಪ್ಪು ಹೆಚ್ಚಾದರೆ ಮಗುವಿನ ಜೀವಕ್ಕೇ ಅಪಾಯ! ಅಷ್ಟರಲ್ಲಿ ದೆಹಲಿಯಲ್ಲಿ ಏಷ್ಯಾದ ಆರೋಗ್ಯ ಮಂತ್ರಿಗಳು ಸಭೆ ಸೇರುತ್ತಾರೆಂದು ರೇಡಿಯೋ ಹೇಳಿತು. ಮಾವ ಹನ್ನೊಂದು ಹೆಂಗಸರ ಕೈಯನ್ನು ಹಾಳೆಯ ಮೇಲಿಡಿಸಿ, ಸುತ್ತ ಗೆರೆ ಎಳೆದು, 'ಇವರಲ್ಲಿ ಯಾರ ಕೈ?' ಎಂದು ಆ ಸಭೆಗೆ ಬರೆದು ಅಂಚೆ ಕಚೇರಿಗೆ ಒಯ್ದರು. ಪೋಸ್ಟ್ ಮಾಸ್ಟರು ಅವರ ಬಾಲ್ಯದ ಗೆಳೆಯ.

"ಏನ್ಲಾ ಇದು, ಭವಿಷ್ಯ ಕೇಳಕ್ಕೆ ಕಳಿಸ್ತಿದ್ದೀಯಾ?"

"ಊಂ ಕಣ್ಲಾ, ಏಷ್ಯಾ ಖಂಡದ ಭವಿಷ್ಯ!"

ಉತ್ತರ ಬಂತು. ವಂದನೆಗಳಿದ್ದವು. ಕೈ ಯಾರದೆಂದು ಇರಲಿಲ್ಲ. ಮಾವ ಸೋಲುತ್ತಾರೆಯೇ? "ಅಷ್ಟು ದೇಶದೋರು ಒಪ್ಬೇಕಲ್ಲವ್ವ. ಥಾಯ್ಲೆಂಡೋರ ಕೈ ಬೇರೆ, ನೇಪಾಳದೋರ ಕೈ ಬೇರೆ. ಟೈಮ್ ಆಯ್ತದೆ."

ಅವರೆಲ್ಲ ಒಪ್ಪುವ ಮೊದಲೇ ನನ್ನ ಮಗಳಿಗೆ ಭೇದಿ ಹತ್ತಿಕೊಂಡಿತು. ಎರಡು ವರ್ಷದ ಕೂಸು, ಕಣ್ಣು ಗುಳಿಬಿದ್ದಿತ್ತು. ಊರಿಗೆಲ್ಲ ಹೇಳಿಕೊಟ್ಟ ಮಾವ ಉಪ್ಪಿನ ಡಬ್ಬಿಯನ್ನು ನನ್ನ ಕೈಗಿಟ್ಟರು.

"ನೀನೇ ಆಕವ್ವ. ರುಚಿ ನೋಡು. ಕಣ್ಣೀರಿಗಿಂತ ಉಪ್ಪಾಗಿರ್ಬಾರ್ದು."

ನೋಡಿದೆ.

"ಅಳ್ತಾ ನೋಡ್ಬ್ಯಾಡ ಕಣವ್ವಾ, ಅಳತೆ ತಪ್ಪೋಯ್ತದೆ!"

ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಚಮಚ ಚಮಚವಾಗಿ ಕುಡಿಸಿದೆವು. ಮಗಳು ಉಳಿದಳು.

ಹೋದ ತಿಂಗಳು ಆಸ್ಪತ್ರೆಯವರು ಮಾವನನ್ನು ಇನ್ನು ಮನೆಗೆ ಕರೆದೊಯ್ಯಿರಿ ಎಂದರು. ಮನೆಗೆ ಬಂದ ಮಾವ ಬಾಯಾರಿಕೆ ಎಂದು ಸನ್ನೆ ಮಾಡಿದರು. ಉಪ್ಪು, ಬೆಲ್ಲ ಕಲಸಿ ರುಚಿ ನೋಡಿದೆ. ಉಪ್ಪು ಹೆಚ್ಚಾಯಿತೇನೋ ಅನ್ನಿಸಿತು. ಚೆಲ್ಲಿ ಮತ್ತೆ ಕಲಸಿದೆ. ಆಗಲೂ ಹಾಗೇ ಅನ್ನಿಸಿತು. ಮೂರನೆಯ ಸಲ ಕಲಸಿಕೊಂಡು ಬರುವಷ್ಟರಲ್ಲಿ ಕುಡಿಯುವವರಿರಲಿಲ್ಲ.