ಐರಣಿಗೆ ಹೊರಟ ವ್ಯಾನು

ಶಮಶೇರಸಾಬರ ಹಳೆಯ ವ್ಯಾನಿನ ಎಕ್ಸಲರೇಟರ್ ಸಿಕ್ಕಿಕೊಂಡದ್ದು ಬ್ಯಾಡಗಿ ದಾಟಿದ ಕೂಡಲೇ. ಕಾಲು ತೆಗೆದರೂ ಇಂಜಿನ್ನಿನ ಅಬ್ಬರ ಇಳಿಯಲೊಲ್ಲದು. ಭಜನೆಯಲ್ಲಿ ಎಲ್ಲರೂ ತಾಳ ಕೆಳಗಿಟ್ಟ ಮೇಲೂ ಪಲ್ಲವಿ ಬಿಡದವನಂತೆ ಅದು ಒಂದೇ ಸಮನೆ ಒದರತೊಡಗಿತು. ಸಾಬರು ಬ್ರೇಕಿನ ಮೇಲೆ ನಿಂತು, ಚಾವಿ ತಿರುವಿ, ಹೇಗೋ ಒಂದು ಬೇವಿನ ಗಿಡದ ಬುಡಕ್ಕೆ ತಂದು ನಿಲ್ಲಿಸಿದರು.

ಒಂದು ಕಾಲಕ್ಕೆ ಮೆಣಸಿನಕಾಯಿ ಚೀಲ ಹೊರುತ್ತಿದ್ದ ವ್ಯಾನು ಅದು. ಸಾಬರು ಅದರೊಳಗೆ ಮಂಚ ಕೂರಿಸಿ, ಒಲೆ ಇಟ್ಟು, ಕಿಟಕಿಗೆ ಪರದೆ ಕಟ್ಟಿ ಓಡಾಡುವ ಮನೆ ಮಾಡಿದ್ದರು. ಬಾಗಿಲು ತೆಗೆದರೆ ಈಗಲೂ ಸೀನು ಬರುತ್ತಿತ್ತು. ಹೆಂಡತಿ ಬಿಸ್ಮಿಲ್ಲಾಬಿ ಮೊದಲೇ ಹೇಳಿಬಿಟ್ಟಿದ್ದಳು: ಇವತ್ತು ಹೊತ್ತು ಮುಳುಗುವುದರೊಳಗೆ ಐರಣಿಯ ಹೊಳೆದಂಡೆ ಮುಟ್ಟಿದರೆ ಸರಿ, ಇಲ್ಲವಾದರೆ ನಾಳೆಯಿಂದ ಅದರೊಳಗೆ ಆಡು ಕಟ್ಟುವುದು. ಬಾಯಿ ಹಾಗೆ ಅಂದರೂ ಕೈ ಸುಮ್ಮನಿರಲಿಲ್ಲ. ಹಳೆಯ ಸೀರೆ, ಲುಂಗಿಗಳನ್ನು ಪದರು ಪದರಾಗಿ ಕೂಡಿಸಿ ಎರಡು ಕೌದಿ ಹೊಲಿದಿದ್ದಳು. ದಪ್ಪನೆಯದು ಮಂಚಕ್ಕೆ, ತೆಳುವಾದದ್ದು, ತಗಡು ಕಾದು ಗಂಡನ ಅಂಗಾಲು ಸುಡಬಾರದೆಂದು, ಪೆಡಲಿನ ಕೆಳಗೆ.

ಗಂಡಹೆಂಡಿರ ಜೊತೆಗೆ ಹೊರಟಿದ್ದ ನೆರೆಮನೆಯ ಭರಮಣ್ಣ ಹಿಂದೊಮ್ಮೆ ಟ್ರ್ಯಾಕ್ಟರ್ ಹೊಡೆದವನು. ಆದ್ದರಿಂದ ಯಂತ್ರದ ವಿಷಯದಲ್ಲಿ ಓಣಿಗೆಲ್ಲ ಅವನದೇ ಕೊನೆಯ ಮಾತು. ಕೇಬಲ್ಲು ಹಿಡಿದಿದೆ ಎಂದು ತೀರ್ಪು ಕೊಟ್ಟ. ಹೆಣ್ಣುಮಗಳು ಹೊಲಿದ ಹೊಸ ಕೌದಿಗೆ ಎಣ್ಣೆಗೈ ತಾಗಿಸಲುಂಟೇ? ಅದನ್ನು ಮೊದಲು ಎತ್ತಿ, ಮಡಚಿ, ಮಂಚದ ಮೇಲಿಟ್ಟು, ಆಮೇಲೆ ಕೇಬಲ್ಲಿಗೆ ಎಣ್ಣೆ ಬಿಟ್ಟ. ಪೆಡಲು ಒತ್ತಿದರೆ ಇಳಿಯಿತು, ಬಿಟ್ಟರೆ ಎದ್ದಿತು.

“ಕೈಗುಣ ಅಂದ್ರ ಇದು ನೋಡ್ರಿ ಸಾಬರ,” ಎಂದು ಭರಮಣ್ಣ ಕೌದಿಯನ್ನು ಮೊದಲಿನಂತೆ ಹಾಸಿದ.

ಕದರಮಂಡಲಗಿ ಹತ್ತಿರ ವ್ಯಾನು ಮತ್ತೆ ಪಲ್ಲವಿ ಹಿಡಿಯಿತು. ಹನುಮಪ್ಪನ ಗುಡಿಗೆ ನಡೆದು ಹೊರಟಿದ್ದವರು ದಾರಿ ಬಿಟ್ಟು ಹೊಲಕ್ಕಿಳಿದರು. ಭರಮಣ್ಣ ಕಿಟಕಿಯಿಂದಲೇ ಕೈಮುಗಿದು ಹನುಮಪ್ಪನನ್ನು ಕರೆದ. ಸಾಬರೂ ಒಳಗೊಳಗೇ ತಮ್ಮ ದುವಾದಲ್ಲಿ ಹನುಮಪ್ಪನನ್ನು ಸೇರಿಸಿಕೊಂಡರು.

ಅಲ್ಲಿಯ ಗ್ಯಾರೇಜಿನ ನಯಾಜ ಎಣ್ಣೆ ಬಿಟ್ಟವರನ್ನು ನೋಡಿ ನಕ್ಕ. ಇದು ಸ್ಪ್ರಿಂಗಿನ ರೋಗ ಎಂದ. ಅವನೂ ಬಿಸ್ಮಿಲ್ಲಾಬಿ ಚಾಚಿಯ ಕೌದಿಯನ್ನು ಮಗುವಿನಂತೆ ಎತ್ತಿ ಆಚೆಗಿಟ್ಟು, ಹೊಸ ಸ್ಪ್ರಿಂಗು ಹಾಕಿದ. ಪೆಡಲು ಕುಣಿಯಿತು. ಕೌದಿಯನ್ನು ಸುಕ್ಕಿಲ್ಲದಂತೆ ಹಾಸಿ ಕಳಿಸಿಕೊಟ್ಟ.

ರಾಣೆಬೆನ್ನೂರಿನ ಪೇಟೆಯಲ್ಲಿ ಮೂರನೆಯ ಬಾರಿ ಒದರಿದ ವ್ಯಾನು ಒಂದು ಚಹಾದಂಗಡಿಯ ಬೆಂಚು ಕೆಡವಿ ನಿಂತಿತು. ಕೈಯಲ್ಲಿ ಕಪ್ಪು-ಬಸಿ ಹಿಡಿದವರೆಲ್ಲ ಒಬ್ಬೊಬ್ಬರು ಒಂದೊಂದು ರೋಗ ಹೇಳಿದರು. ಬಿಸ್ಮಿಲ್ಲಾಬಿ ಮಾತ್ರ ಶಾಂತವಾಗಿ ಅಂಗಡಿಸಾಲು ನೋಡಿದಳು.

“ಆಡಿಗೆ ಹಗ್ಗ ಬೇಕಾಗ್ತಾವು. ಇಲ್ಲೇ ತಗೊಂಡು ಹೋಗೂಣೇನ್ರಿ?”

ಬೆವರು ಒರೆಸಿಕೊಳ್ಳುವಾಗ ಸಾಬರ ಟೋಪಿ ಕೆಳಗೆ ಬಿತ್ತು. ಬಗ್ಗಿ ನೋಡಿದರೆ, ಕೌದಿಯ ಅಂಚು ಮೇಲೆದ್ದು ಪೆಡಲಿನ ತುದಿಯನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು. ಅಂಚು ಜಗ್ಗಿದರು, ಪೆಡಲು ಟಣ್ಣನೆ ಎದ್ದಿತು. ಮತ್ತೆ ಸಿಕ್ಕಿಸಿದರು, ಅಲ್ಲೇ ಮಲಗಿತು.

ಸಾಬರ ಮುಖ ಅರಳಿತು. ಮರುಗಳಿಗೆಯಲ್ಲೇ ಬಾಡಿತು. ನಿನ್ನ ಕೌದಿಯದೇ ತಪ್ಪು ಎಂದರೆ ವ್ಯಾನು ಉಳಿದೀತು, ತಾವು ಉಳಿಯುವುದಿಲ್ಲ. ಯೋಚಿಸಿ, ದನಿಗೆ ಜೇನು ಸವರಿ ಹೇಳಿದರು:

“ಇಷ್ಟು ಚಂದ ಕೌದಿ ತುಳಿಯಾಕ ನನಗ ಮನಸ್ಸ ಬರವಲ್ದು. ಇದನ್ನ ಮಂಚಕ್ಕ ಹಾಸೋಣು.”

ಮದುವೆಯಾದಾಗಿನಿಂದ ಕೇಳದ ಹೊಗಳಿಕೆ. ಬಿಸ್ಮಿಲ್ಲಾಬಿ ಸೆರಗು ಬಾಯಿಗಿಟ್ಟು ನಕ್ಕಳು. ಕೌದಿಯನ್ನು ಎದೆಗವಚಿಕೊಂಡು ಹಿಂದೆ ಹೋದಳು. ಸಾಬರು ನಿಟ್ಟುಸಿರು ಬಿಡುವಷ್ಟರಲ್ಲಿ, ಮಂಚದ ಮೇಲಿದ್ದ ದಪ್ಪ ಕೌದಿ ಹೊತ್ತು ಬಂದು, ಪೆಡಲುಗಳ ಸುತ್ತ ಸಂದುಸಂದಿಗೂ ತುರುಕಿದಳು.

“ಇದು ಅದರ ಎರಡರಷ್ಟು ದಪ್ಪ ಐತಿ. ನಿಮ್ಮ ಕಾಲು ಸುಡಬಾರದಲ್ರೀ. ಲಗೂ ನಡೀರಿ, ಹೊತ್ತಾತು.”

ಸಾಬರು ಬಿಸ್ಮಿಲ್ಲಾ ಎಂದು ಚಾವಿ ತಿರುವಿದರು. ಹೊತ್ತು ಮುಳುಗುವುದರೊಳಗೆ ಐರಣಿ ಮುಟ್ಟುವುದಂತೂ ಈಗ ಖಂಡಿತವಾಗಿತ್ತು. ಹೊಳೆ ಬಂದ ಮೇಲೆ ನಿಲ್ಲುವುದು ಹೇಗೆಂಬುದೊಂದೇ ಅವರ ಚಿಂತೆ.