ಮೊಬೈಲಿನಲ್ಲಿ ನಮ್ಮತ್ತೆಯ ಸ್ಥಾನ

ಇಪ್ಪತ್ತೆಂಟು ವರ್ಷಗಳಿಂದ ಮಾಲೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿರುವ ನನಗೆ ಒಂದು ವೆಬ್‌ಸೈಟ್ ಮಾಡುವುದು ಯಾವ ಮಹಾ ಕೆಲಸ? ಕಾಗದ ಬೇಡ, ಮಸಿ ಬೇಡ. ಹೀಗೆಂದು ನನ್ನ ಹೆಂಡತಿ ಪದ್ಮಳಿಗೆ ಹೇಳಿದೆ. ಅವಳು ನಂಬಿದಳು. ಅವಳ ಜೀವನದಲ್ಲಿ ಇದು ಎರಡನೆಯ ದೊಡ್ಡ ತಪ್ಪು. ಮೊದಲನೆಯದಕ್ಕೆ ಪತ್ರಿಕೆ ಅಚ್ಚು ಹಾಕಿದವನೂ ನಾನೇ.

ವಿಷಯ ಇಷ್ಟೇ. ಪದ್ಮಳ ತಾಯಿ, ಅಂದರೆ ನಮ್ಮತ್ತೆ ವೆಂಕಟಲಕ್ಷ್ಮಮ್ಮ, ಶ್ರೀನಿವಾಸಪುರದವರು. ಅವರು ಹಾಕುವ ಮಾವಿನಕಾಯಿ ಉಪ್ಪಿನಕಾಯಿ, ಅವರ ಬಾಯಲ್ಲಿ ಆವಕಾಯಿ, ನೆಂಟರಲ್ಲೆಲ್ಲ ಹೆಸರುವಾಸಿ. ಈ ಸಲ ತಾಯಿ ಮಗಳು ಸೇರಿ ಅದನ್ನು ಆನ್‌ಲೈನಿನಲ್ಲಿ ಮಾರುವುದೆಂದು ತೀರ್ಮಾನಿಸಿ ನಮ್ಮ ಮನೆಯಲ್ಲಿ ನಾಲ್ಕು ದೊಡ್ಡ ಜಾಡಿ ತುಂಬಿಸಿಟ್ಟರು. ಮೂರನೆಯ ದಿನ ತಿರುವಿ, ಉಪ್ಪು ನೋಡಿ, ಮೇಲೆ ಎಣ್ಣೆ ಹುಯ್ಯಬೇಕು. ಆ ಹದ ಗೊತ್ತಿರುವುದು ಅತ್ತೆಗೆ ಮಾತ್ರ. "ನಾಳಿದ್ದು ಬರ್ತೀನಿ, ಅಲ್ಲೀವರ್ಗೂ ಯಾರೂ ಕೈ ಹಾಕ್ಬೇಡಿ" ಎಂದು ಹೇಳಿ ಊರಿನ ಬಸ್ಸು ಹತ್ತಿದರು. ಇಷ್ಟು ವರ್ಷ ನನ್ನ ಪ್ರೆಸ್ಸಿನಲ್ಲಿ ಪತ್ರಿಕೆ ಮಡಚಿ ಕವರಿಗೆ ಹಾಕಿಕೊಂಡಿದ್ದ ಪದ್ಮ ಮೊದಲ ಸಲ ತನ್ನದೆಂದು ಒಂದು ಕೆಲಸ ಶುರುಮಾಡಿದ್ದಳು.

ನಾನು ಪ್ರೆಸ್ಸಿನ ದೊಡ್ಡ ಕಂಪ್ಯೂಟರಿನ ಮುಂದೆ ಕುಳಿತೆ. ಶುಭಕಾರ್ಯಕ್ಕೆ ಒಂದು ಕ್ರಮವಿದೆ. ಮೇಲೆ ಗಣಪತಿ. ಎಡಗಡೆ ಗಂಡಿನ ಕಡೆಯವರು, ಬಲಗಡೆ ಹೆಣ್ಣಿನ ಕಡೆಯವರು, ಎಲ್ಲರ ಹೆಸರು, ಎಲ್ಲರ ಫೋಟೊ. ಎಡಕ್ಕೆ ಸ್ವರ್ಗಸ್ಥರಾದ ನಮ್ಮಜ್ಜನಿಂದ ಹಿಡಿದು ಮುಳಬಾಗಿಲಿನ ನಮ್ಮಕ್ಕನವರೆಗೆ ಹನ್ನೊಂದು ಜನ. ಬಲಕ್ಕೆ, ಎಲ್ಲರಿಗಿಂತ ಮೇಲೆ, ನಮ್ಮತ್ತೆ. ನಡುವೆ ಉಪ್ಪಿನಕಾಯಿ, ಅದರ ಕೆಳಗೆ ಆರ್ಡರ್ ಮಾಡುವ ಬಟನ್. ಬಟನ್ನಿನ ಕೆಳಗೆ, ಅಂಗಡಿ ಎಂದಮೇಲೆ ಇರಲೇಬೇಕಾದ ಸಾಲು: 'ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.'

ಎರಡು ಕಡೆಯವರಿಗೂ ಸಮಾನ ಮರ್ಯಾದೆ. ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಬಹುದಿತ್ತು! ಪದ್ಮಳ ಫೋನಿನಿಂದಲೇ ಲಿಂಕನ್ನು ಸಕಲ ಬಂಧುಮಿತ್ರರಿಗೂ ಕಳುಹಿಸಿದ್ದಾಯಿತು. ಪ್ರೂಫ್ ನೋಡದೆ ಅಚ್ಚಿಗೆ ಕೊಡಬೇಡಿ ಎಂದು ಗಿರಾಕಿಗಳಿಗೆ ದಿನಾ ಉಪದೇಶ ಮಾಡುವ ನಾನು ಅದನ್ನು ಮೊಬೈಲಿನಲ್ಲಿ ನೋಡಲಿಲ್ಲ. ನನ್ನದು ಬಟನ್ ಫೋನು. ಈಗ ಜನ ಅಂಗಡಿಗೆ ಹೋಗುವುದೇ ಮೊಬೈಲಿನಲ್ಲಿ ಎಂಬುದು ನನಗೆ ಹೊಳೆಯಲೇ ಇಲ್ಲ.

"ರೀ, ಇಲ್ನೋಡಿ. ಉಪ್ಪಿನಕಾಯಿ ಎಲ್ಲಿ?" ಎಂದು ಪದ್ಮ ಫೋನು ಹಿಡಿದು ಬಂದಳು.

"ಕೆಳಗಿದೆ ಕಣೇ, ಸರಿಸು."

"ಸರಿಸ್ತಾನೇ ಇದೀನಿ. ಇನ್ನೂ ನಿಮ್ ಚಿಕ್ಕಪ್ಪನ ಹತ್ರ ಇದೀನಿ!"

ಮೊಬೈಲಿನ ಅಗಲಕ್ಕೆ ಮೂರು ಭಾಗ ಪಕ್ಕಪಕ್ಕದಲ್ಲಿ ಹಿಡಿಸುವುದಿಲ್ಲವಂತೆ. ಒಂದರ ಕೆಳಗೊಂದು ಇಳಿಯುತ್ತವಂತೆ. ಮೊದಲು ನಮ್ಮ ಕಡೆಯ ಹನ್ನೊಂದು ಜನ. ಅವರನ್ನೆಲ್ಲ ದಾಟಿ ಬಂದ ಪುಣ್ಯವಂತರಿಗೆ ಉಪ್ಪಿನಕಾಯಿ. ಆಮೇಲೆ ಬಟನ್. ಆಮೇಲೆ 'ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.' ಅದಕ್ಕೆ ಅಂಟಿಕೊಂಡ ಹಾಗೆ, ನಗುನಗುತ್ತಾ, ನಮ್ಮತ್ತೆ!

ಅಷ್ಟರಲ್ಲಿ ಅತ್ತೆಯ ಫೋನು ಬಂತು.

"ಅಳಿಯಂದ್ರೇ, ಚೆನ್ನಾಗ್ ಹಾಕಿದೀರಪ್ಪಾ. ನಾನು ಮಾಲಾ?"

"ಅಯ್ಯೋ ಅತ್ತೆ, ಅದು ನಾನಲ್ಲ, ಮೊಬೈಲು..."

"ಚಾಲಪ್ಪಾ, ಸಾಕು!" ಸಿಟ್ಟು ಬಂದರೆ ಅತ್ತೆಯ ಬಾಯಿಗೆ ತೆಲುಗು ಬರುತ್ತದೆ. "ನಿಮ್ ಚಿಕ್ಕಪ್ಪ ಜಾಡಿ ಮುಚ್ಚಳ ಮುಟ್ಟಿಲ್ಲ, ಅವ್ರು ಮೇಲೆ. ಕಾಯಿ ಹೆಚ್ಚಿದ್ ನಾನು ಕೆಳಗೆ. ಆ ಹನ್ನೊಂದು ಜನಾನೇ ಬಂದು ಜಾಡಿ ತಿರುವ್ಲಿ!"

ಫೋನು ಕಟ್. ಪದ್ಮ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ನಾನು ಧೃತಿಗೆಡಲಿಲ್ಲ. ಎಡದವರನ್ನು ಬಲಕ್ಕೆ, ಬಲದವರನ್ನು ಎಡಕ್ಕೆ ಹಾಕಿದೆ. ಮೊಬೈಲಿನಲ್ಲಿ ಅತ್ತೆ ಗಣಪತಿಯ ಪಕ್ಕಕ್ಕೇ ಏರಿದರು. ಮಧ್ಯಾಹ್ನ ಮುಳಬಾಗಿಲಿನಿಂದ ಅಕ್ಕನ ಫೋನು.

"ಲೇ, ನಮ್ಮಜ್ಜನ್ನ ಮಾರ್ಬಿಟ್ಯೇನೋ?"

"ಇಲ್ಲಕ್ಕಾ..."

"ಮತ್ತೆ ಹಿಂದಕ್ ತಗೊಳ್ಳಲ್ಲ ಅಂತ ಬರ್ದು ಕೆಳಗೆ ಅವರ ಫೋಟೊ ಹಾಕಿದ್ಯಲ್ಲೋ! ಸತ್ತೋರ್ನ ಯಾರೋ ವಾಪಸ್ ಕೇಳ್ತಾರೆ?"

ಆ ಸಾಲನ್ನೇ ತೆಗೆದಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ನನಗೂ ಹೊಳೆಯಿತು. ಐದನೆಯ ದಿನ! ಅದಕ್ಕೆ ಮೊದಲು ನಾನು ಮೂರೂ ಭಾಗಗಳನ್ನು ಮೊಬೈಲಿನ ಅಗಲಕ್ಕೆ ಪಕ್ಕಪಕ್ಕದಲ್ಲೇ ಹಿಡಿಸುವ ಸಾಹಸಕ್ಕೆ ಇಳಿದಿದ್ದೆ. ಹಿಡಿಸಿತು. ಅಕ್ಷರಗಳು ರಾಗಿ ಕಾಳಿನಷ್ಟಾದವು, ಬಟನ್ನೂ ಅಷ್ಟೇ. ಆರ್ಡರ್ ಮಾಡಲು ಹೋದವರ ಬೆರಳು ಚಿಕ್ಕಪ್ಪನ ಮೂಗಿನ ಮೇಲೆ ಬೀಳುತ್ತಿತ್ತು. ಮೂಗು ಒತ್ತಿದರೆ ಉಪ್ಪಿನಕಾಯಿ ಬರುತ್ತದೆಯೇ? ಒಂದೇ ಒಂದು ಆರ್ಡರೂ ಬರಲಿಲ್ಲ.

ಅಷ್ಟರಲ್ಲಿ ಮೂರನೆಯ ದಿನ ಕಳೆದಿತ್ತು. ನಾಲ್ಕನೆಯದೂ ಕಳೆಯಿತು. "ನೀನೇ ತಿರುವು ಪದ್ಮ" ಎಂದರೆ, "ಅಮ್ಮ ಬರ್ದೆ ನಾನ್ ಕೈ ಹಾಕಲ್ಲ" ಎಂದು ಜಾಡಿಗಳ ಮುಂದೆ ಕೂತಳು. ಐದನೆಯ ದಿನ ಆ ಸಾಲನ್ನು ಅಳಿಸಿ, ಕೋಲಾರದಲ್ಲಿ ಬಸ್ಸು ಬದಲಾಯಿಸಿ, ಶ್ರೀನಿವಾಸಪುರಕ್ಕೆ ಹೋಗಿ ಅತ್ತೆಯ ಕಾಲಿಗೆ ಬಿದ್ದೆ. ಅತ್ತೆ ಊಟ ಹಾಕಿದರು. ಉಪ್ಪಿನಕಾಯಿ ಮಾತ್ರ ಬಡಿಸಲಿಲ್ಲ. "ಬರ್ತೀನಿ. ನಿಮಗೋಸ್ಕರ ಅಲ್ಲ, ನನ್ನ ಮಗಳಿಗೋಸ್ಕರ" ಎಂದರು.

ಸಂಜೆ ಬಂದು ಮುಚ್ಚಳ ತೆಗೆದರು. ಎರಡು ಜಾಡಿಗೆ ಬೂಷ್ಟು ಹಿಡಿದಿತ್ತು. ಪದ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು "ಖಾರ ಬಿತ್ತು" ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಆ ಎರಡು ಜಾಡಿಗಳನ್ನು ಹಿತ್ತಲಿಗೆ ಹೊತ್ತು ಗುಂಡಿಗೆ ಸುರಿಯುವಾಗ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಉಳಿದೆರಡಕ್ಕೆ ಅತ್ತೆ ಎಣ್ಣೆ ಹುಯ್ದರು. ಆಮೇಲೆ ತಮ್ಮ ಫೋನಿನಲ್ಲಿ ಜಾಡಿಯ ಫೋಟೊ ಹಿಡಿದು, 'ಪದ್ಮ ಹಾಕಿದ ಆವಕಾಯಿ, ಬೇಕಾದವರು ಹೇಳಿ' ಎಂದು ವಾಟ್ಸಾಪಿನಲ್ಲಿ ಬಿಟ್ಟರು. ಮಾರನೆಯ ದಿನದ ಹೊತ್ತಿಗೆ ಎರಡೂ ಖಾಲಿ! ಗಣಪತಿಯಿಲ್ಲ, ಅಜ್ಜನಿಲ್ಲ, ನಾನಂತೂ ಇಲ್ಲವೇ ಇಲ್ಲ.

"ಹಾಗಾದ್ರೆ ವೆಬ್‌ಸೈಟ್ ತೆಗೆದುಬಿಡ್ಲಾ ಅತ್ತೆ?" ಎಂದೆ.

"ಬೇಡಪ್ಪಾ, ಮುಂದಿನ್ ವರ್ಷಕ್ಕೆ ಇರ್ಲಿ. ನಾನ್ ಹೇಳ್ದಂಗೆ ಮಾಡಿ" ಎಂದರು.

ಹೇಳಿದ ಹಾಗೆ ಮಾಡಿದೆ. ನೆಂಟರೆಲ್ಲ ಹೋದರು. ಒಂದು ಜಾಡಿ, ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡ ಬಟನ್. ಅಳಿಸಿದ್ದ ಸಾಲು ಅತ್ತೆಯ ಅಪ್ಪಣೆಯ ಮೇರೆಗೆ ಮತ್ತೆ ಬಂತು: 'ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.' ಅದರ ಕೆಳಗೆ ನನ್ನ ಫೋಟೊ.

"ಇದೊಂದ್ ಸರಿಯಾಗಿದೆ ರೀ" ಎಂದು ಪದ್ಮ ಆರು ದಿನಗಳಲ್ಲಿ ಮೊದಲ ಸಲ ನಕ್ಕಳು. ಈ ಬಾರಿ ಪ್ರೂಫ್ ನೋಡಿದ್ದೇನೆ. ಮೂರು ಬೇರೆ ಬೇರೆ ಫೋನಿನಲ್ಲಿ ತೆರೆದು, ಅಡ್ಡ ತಿರುಗಿಸಿ, ಉದ್ದ ತಿರುಗಿಸಿ ಪರೀಕ್ಷಿಸಿದೆ. ಯಾವುದರಲ್ಲೂ ನಾನು ಆ ಸಾಲಿನ ಕೆಳಗಿನಿಂದ ಕದಲುತ್ತಿಲ್ಲ.